ಸಾವು-ನೋವಿಗೆ ಬರುವವರಿಗೋ, ಕೆಲಸ ಗೊತ್ತಿರುವವರಿಗೋ? ವೋಟು ಹಾಕುವಾಗ ನೀವು ಏನು ನೋಡುತ್ತೀರಿ?

ಹೇಮಾವತಿ ದಂಡೆ (ಸಕಲೇಶಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಸಮಾಧಾನವಾಗಿ ಓದಿ.

ಹೋದ ವಾರ ನಮ್ಮ ಊರಲ್ಲಿ ಒಂದು ತಿಥಿ ಊಟವಿತ್ತು. ಎಲೆ ಮುಂದೆ ಕೂತಿದ್ದಾಗ ಪಂಚಾಯ್ತಿ ಚುನಾವಣೆಯ ಮಾತು ಬಂತು. ನಮ್ಮ ವಾರ್ಡಿನಲ್ಲಿ ಹಿಂದೆ ಸದಸ್ಯೆಯಾಗಿದ್ದ ಒಬ್ಬರನ್ನು ಮತ್ತೆ ನಿಲ್ಲಿಸಬಹುದಲ್ವಾ ಅಂದೆ. ಪಕ್ಕದಲ್ಲಿದ್ದ ದೊಡ್ಡಪ್ಪ ಅನ್ನ ಕಲೆಸುತ್ತಲೇ, "ಅವಳಾ? ಯಾರ ಮನೆ ಬಾಗಿಲಿಗೆ ಬಂದಿದ್ದಾಳೆ ಅವಳು? ಸತ್ತರೂ ತಿರುಗಿ ನೋಡಲ್ಲ" ಅಂದರು. ಸಾಲಿನಲ್ಲಿದ್ದ ನಾಲ್ಕೈದು ಜನ ತಲೆಯಾಡಿಸಿದರು. ಅಲ್ಲಿಗೆ ಮಾತು ಮುಗಿಯಿತು.

ನನಗೆ ಮಾತ್ರ ಇನ್ನೂ ಮುಗಿದಿಲ್ಲ. ಆಕೆ 2015ರಲ್ಲಿ ಗೆದ್ದಿದ್ದರು. ನಮ್ಮ ಕೇರಿಯ ಮಕ್ಕಳು ಶಾಲೆಗೆ ಹೋಗಬೇಕಾದರೆ ಹಳ್ಳ ದಾಟಬೇಕು. ನಾನು ಓದುವಾಗ ಅಲ್ಲಿ ಇದ್ದದ್ದು ಎರಡು ಅಡಿಕೆ ಮರ ಜೋಡಿಸಿದ ಸಂಕ, ಮೇಲೊಂದು ಹಗ್ಗ. ಹಳ್ಳ ತುಂಬಿದ ದಿನ ಶಾಲೆ ಇಲ್ಲ. ಈಗ ಅಲ್ಲಿ ಕಾಂಕ್ರೀಟಿನ ಕಾಲುಸಂಕ ಇದೆ, ಎರಡೂ ಕಡೆ ಕಬ್ಬಿಣದ ಕಂಬಿ ಇದೆ. ಅದನ್ನು ಮಾಡಿಸಿದ್ದು ಆಕೆ.

ಹೇಗೆ ಮಾಡಿಸಿದರು ಅನ್ನುವುದನ್ನು ಹೇಳಲೇಬೇಕು. ಉದ್ಯೋಗ ಖಾತ್ರಿಯಲ್ಲಿ ಆಗ ಕೂಲಿಗೆ 60 ಪಾಲು, ಸಾಮಗ್ರಿಗೆ 40 ಪಾಲು ಅನ್ನುವ ಲೆಕ್ಕ ಇತ್ತು. ಸಂಕಕ್ಕೆ ಸಿಮೆಂಟು, ಕಬ್ಬಿಣವೇ ಜಾಸ್ತಿ. ಅದೊಂದನ್ನೇ ಕೇಳಿದರೆ "ಲೆಕ್ಕ ಕೂರಲ್ಲ" ಅಂತ ಹಿಂದಕ್ಕೆ ಕಳಿಸುತ್ತಿದ್ದರು. ಎಷ್ಟೋ ವರ್ಷ ಹಾಗೇ ಆಗಿತ್ತು. ಆಕೆ ಆ ಸಲ ಇಂಗುಗುಂಡಿ, ಬದು, ಕೆರೆ ಹೂಳು ಅಂತ ಕೂಲಿ ಜಾಸ್ತಿ ಇರುವ ಕೆಲಸಗಳನ್ನು ಕ್ರಿಯಾ ಯೋಜನೆಗೆ ಸೇರಿಸಿದರು. ಆಗ ಒಟ್ಟು ಲೆಕ್ಕದಲ್ಲಿ ಸಂಕಕ್ಕೆ ಜಾಗ ಆಯಿತು. ಅವರ ಜಗಲಿಯ ಮೇಲೆ ಆ ನೋಟ್‌ಬುಕ್ ನಾನೇ ನೋಡಿದ್ದೇನೆ. ಪೆನ್ಸಿಲಿನಲ್ಲಿ ಗೆರೆ ಎಳೆದು, ಎಡಕ್ಕೆ ಕೂಲಿ, ಬಲಕ್ಕೆ ಸಾಮಗ್ರಿ. ಒಂದೊಂದು ಪುಟದ ಕೆಳಗೂ ಕೂಡಿದ ಮೊತ್ತ.

2020ರ ಡಿಸೆಂಬರ್‌ನಲ್ಲಿ ಆಕೆ ಸೋತರು. ಗೆದ್ದವರು ಒಳ್ಳೆಯ ಮನುಷ್ಯ. ಯಾರದೇ ಮನೆಯಲ್ಲಿ ಸಾವಾದರೂ ಮೊದಲು ಬಂದು ಚಟ್ಟಕ್ಕೆ ಹೆಗಲು ಕೊಡುತ್ತಾರೆ. ಆದರೆ ಅವರ ಕಾಲದಲ್ಲಿ ನಮ್ಮ ವಾರ್ಡಿಗೆ ಬಂದ ಕೆಲಸ ಯಾವುದು ಅಂದರೆ ನನಗೆ ಒಂದೂ ನೆನಪಾಗುತ್ತಿಲ್ಲ.

ನಾನು ಕೂಡ ಅವರಿಗೇ ವೋಟು ಹಾಕಿದ್ದೆ. 2019ರಲ್ಲಿ ನಮ್ಮ ತಂದೆಯನ್ನು ರಾತ್ರೋರಾತ್ರಿ ಹಾಸನಕ್ಕೆ ಸಾಗಿಸಬೇಕಾಗಿ ಬಂದಾಗ ಜೀಪು ತಂದು ನಿಲ್ಲಿಸಿದವರು ಅವರು. ಬೆಳಗಿನವರೆಗೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಆ ಋಣ ದೊಡ್ಡದು. ಆದರೆ ಋಣವನ್ನು ವೋಟಿನಲ್ಲಿ ತೀರಿಸಿದ್ದು ಸರಿಯಾ? ಇದೇ ನನ್ನ ಪ್ರಶ್ನೆ.

ಮುಂದೆ ಚುನಾವಣೆಗೆ ನಿಲ್ಲುವವರ ಹೆಸರು, ಪಕ್ಷ ದಯವಿಟ್ಟು ತರಬೇಡಿ. ಹಳೆಯ ಚರಿತ್ರೆ ಮಾತಾಡಬಹುದು.

ಕಡೂರು ಬಯಲು

ಅಕ್ಕ, ನಿಮ್ಮ ದೊಡ್ಡಪ್ಪನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ನಮ್ಮಂಥವರಿಗೆ ‘ಕೈಗೆ ಸಿಗುವುದು’ ಅನ್ನುವುದೇ ದೊಡ್ಡ ಕೆಲಸ.

ನಮ್ಮದು ಬಯಲುಸೀಮೆ. ತೆಂಗು, ಈರುಳ್ಳಿ, ರಾಗಿ. ಒಂದು ಬೇಸಿಗೆಯಲ್ಲಿ ನಮ್ಮ ಹೊಲದ ಟೀಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟುಹೋಯಿತು. ಏಳೆಂಟು ಜನರ ಬೋರು ಅದರ ಮೇಲೆ. ಅರ್ಜಿ ಕೊಟ್ಟೆವು, ದಿನಾ ಹೋಗಿ ಕೇಳಿದೆವು. "ಬರುತ್ತೆ, ಬರುತ್ತೆ." ಒಂಬತ್ತನೇ ದಿನ ನಮ್ಮ ಊರಿನ ಒಬ್ಬ ಮುಖಂಡರು ಫೋನ್ ಮಾಡಿದರು. ಹತ್ತನೇ ದಿನ ಸಂಜೆ ಟೀಸಿ ಬಂತು. ಅಷ್ಟರಲ್ಲಿ ಈರುಳ್ಳಿ ಪೈರು ಬಾಡಿ ನೆಲಕ್ಕೆ ಅಂಟಿತ್ತು. ಅವರು ಮೊದಲನೇ ದಿನವೇ ಊರಲ್ಲಿ ಇದ್ದಿದ್ದರೆ ಬೆಳೆ ಉಳಿಯುತ್ತಿತ್ತು. ಈಗ ಹೇಳಿ, ನಾನು ಯೋಜನೆ ಬರೆಯುವವರನ್ನು ಹುಡುಕಲಾ, ಫೋನ್ ಎತ್ತುವವರನ್ನು ಹುಡುಕಲಾ?

ಇನ್ನೊಂದು ಮಾತು. ಎರಡೂ ಒಬ್ಬರಲ್ಲೇ ಇರಬಾರದು ಅಂತೇನಿಲ್ಲ. ಅಬ್ದುಲ್ ನಜೀರ್‌ಸಾಬ್ ಅವರನ್ನು ನಮ್ಮ ತಾತ ‘ನೀರ್ ಸಾಬ್’ ಅಂತಲೇ ಕರೆಯುತ್ತಿದ್ದರು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿದರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. 1983ರ ಪಂಚಾಯತ್ ಕಾಯ್ದೆಯ ಹಿಂದೆ ನಿಂತು, 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ಆಗುವ ಹಾಗೆ ಮಾಡಿದರು. ಜನ ನೆನೆಯುವುದು ನೀರನ್ನು. ಕಾಯ್ದೆ ಯಾರ ಬಾಯಲ್ಲೂ ಇಲ್ಲ. ಆದರೆ ನಿಮ್ಮ ಸದಸ್ಯೆ ನೋಟ್‌ಬುಕ್ ಹಿಡಿದು ಕೂರಲು ಆ ಕಾಯ್ದೆಯೇ ದಾರಿ ಮಾಡಿಕೊಟ್ಟಿದ್ದು.

ಮೇಷ್ಟ್ರು (ನಿವೃತ್ತ, ಚಿಕ್ಕಮಗಳೂರು)

ಚಿಕ್ಕಮಗಳೂರಿನವರು ಈ ವಿಷಯ ಮಾತಾಡುವಾಗ 1978 ಬಿಟ್ಟು ಮಾತಾಡಲು ಆಗುವುದಿಲ್ಲ. ನಾನಾಗ ಕಾಲೇಜು ಹುಡುಗ. ಸಂಸದರಾಗಿದ್ದ ಡಿ.ಬಿ. ಚಂದ್ರೇಗೌಡರು ಜಾಗ ಬಿಟ್ಟುಕೊಟ್ಟು, ಇಂದಿರಾ ಗಾಂಧಿ ಉಪಚುನಾವಣೆಗೆ ನಿಂತರು. ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. ಪಾಟೀಲರು ರಾಜ್ಯದ ಮುಖ್ಯಮಂತ್ರಿ ಆಗಿದ್ದವರು. ಆಡಳಿತ ಬಲ್ಲವರು ಅಂತ ವಿರೋಧಿಗಳೂ ಒಪ್ಪುತ್ತಿದ್ದರು. ಕನ್ನಡದವರು.

ಇಂದಿರಾ ಅವರಿಗೆ ನಮ್ಮ ಭಾಷೆ ಬರುವುದಿಲ್ಲ. ನಮ್ಮ ಮಳೆ ಗೊತ್ತಿಲ್ಲ, ತೋಟ ಗೊತ್ತಿಲ್ಲ. ನಾವು ಅವರ ಮನೆ ಬಾಗಿಲಿಗೆ ಹೋಗುವ ಮಾತೇ ಇಲ್ಲ. ಆದರೂ ನವೆಂಬರ್‌ನಲ್ಲಿ ವೋಟು ಎಣಿಸಿದಾಗ ಅವರು 70 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದಿದ್ದರು.

ಅದನ್ನು ಬರೀ ದೊಡ್ಡ ಹೆಸರಿನ ಮೋಹ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಗೇಣಿದಾರರ ಮನೆ. ಇಂದಿರಾ ಪಕ್ಷದ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು ಕಾಲದ ಭೂಸುಧಾರಣೆಯಲ್ಲಿ ಎರಡು ಎಕರೆ ಗದ್ದೆ ಅವರ ಹೆಸರಿಗೆ ಬಂದಿತ್ತು. ಆ ಅಜ್ಜಿಗೆ ‘ಇಂದಿರಮ್ಮ’ ಅಂದರೆ ಆ ಎರಡು ಎಕರೆ. ದಿಲ್ಲಿ ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ‘ನಮ್ಮವರು’ ಅನ್ನುವ ಭಾವನೆ ಒಂದೇ ಊಟ, ಒಂದೇ ಮಾತಿನಿಂದ ಬರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆ ಅಜ್ಜಿಗೆ ಅದು ಬಂದಿದ್ದು ಪಹಣಿಯಿಂದ.

ಇನ್ನೊಂದು ಕಡೆಯನ್ನೂ ಹೇಳಿಬಿಡುತ್ತೇನೆ. ಆ ಡಿಸೆಂಬರ್‌ನಲ್ಲೇ ಲೋಕಸಭೆ ಹಕ್ಕುಚ್ಯುತಿ ವಿಷಯದಲ್ಲಿ ಅವರ ಸದಸ್ಯತ್ವ ತೆಗೆಯಿತು. 1980ರಲ್ಲಿ ಅವರು ರಾಯ್‌ಬರೇಲಿ ಮತ್ತು ಮೇದಕ್‌ನಿಂದ ನಿಂತರು, ಇಲ್ಲಿಗೆ ಬರಲಿಲ್ಲ. ಆ ವೋಟಿನಿಂದ ಜಿಲ್ಲೆಗೆ ಏನು ಸಿಕ್ಕಿತು ಅಂತ ನಾವು ಹುಡುಗರು ಕಟ್ಟೆ ಮೇಲೆ ಕೂತು ಎಷ್ಟೋ ಸಂಜೆ ಜಗಳ ಆಡಿದ್ದೇವೆ.

ಹೊಳೆನರಸೀಪುರ ಹುಡುಗ

ಮೇಷ್ಟ್ರೇ, ನಮ್ಮ ಕಡೆಯದೂ ಒಂದು ಸೇರಿಸುತ್ತೇನೆ. ದೇವೇಗೌಡರನ್ನು ಎಲ್ಲರೂ ‘ಮಣ್ಣಿನ ಮಗ’ ಅನ್ನುತ್ತಾರೆ. ಹರದನಹಳ್ಳಿಯ ರೈತನ ಮನೆ, ಪಂಚೆ, ರಾಗಿಮುದ್ದೆ. ಅವರು ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿದವರು ಅನ್ನುವುದು ಮಾತಿನಲ್ಲಿ ಬರುವುದೇ ಕಡಿಮೆ. 1962ರಲ್ಲಿ ಪಕ್ಷೇತರರಾಗಿ ಗೆದ್ದರು. ನೀರಾವರಿ ಖಾತೆ ನೋಡಿಕೊಂಡರು. ನಾಲೆಯ ಅಳತೆ, ಟಿಎಂಸಿ ಲೆಕ್ಕ ಬಾಯಲ್ಲೇ ಹೇಳುತ್ತಿದ್ದರು ಅಂತ ಊರಿನ ಹಿರಿಯರು ಈಗಲೂ ನೆನೆಯುತ್ತಾರೆ. ಅಂದರೆ ಜನ ಪ್ರೀತಿಸಿದ್ದು ಪಂಚೆಯನ್ನು, ಕೆಲಸ ಮಾಡಿಸಿದ್ದು ಓದು.

ಪಂಚೆ ಯಾವಾಗಲೂ ಕಾಪಾಡಲಿಲ್ಲ ಕೂಡ. 1989ರಲ್ಲಿ ಹೊಳೆನರಸೀಪುರದಲ್ಲೇ ಸೋತರು. ಪ್ರಧಾನಿಯಾಗಿ ಬಂದ ಮೇಲೆ, 1999ರಲ್ಲಿ ಹಾಸನ ಲೋಕಸಭೆಯಲ್ಲೂ ಸೋತರು. ನಮ್ಮವರು ಅನ್ನುವ ಒಂದೇ ಕಾರಣಕ್ಕೆ ನಮ್ಮ ಜಿಲ್ಲೆಯ ಜನ ಕಣ್ಣು ಮುಚ್ಚಿ ವೋಟು ಹಾಕುತ್ತಾರೆ ಅನ್ನುವವರು ಈ ಎರಡು ವರ್ಷಗಳನ್ನು ನೋಡಬೇಕು.

ಓದುಗಿ (ಹಾಸನ)

ನಾನು ಮನಃಶಾಸ್ತ್ರ ಓದುತ್ತಿದ್ದೇನೆ. ಈ ವಿಷಯದಲ್ಲಿ ನಡೆದ ಒಂದೆರಡು ಪ್ರಯೋಗ ಹೇಳುತ್ತೇನೆ, ಯಾಕೆಂದರೆ ಅವನ್ನು ಓದಿದ ಮೇಲೆ ನನ್ನ ಮೇಲೇ ನನಗೆ ನಂಬಿಕೆ ಸ್ವಲ್ಪ ಕಡಿಮೆಯಾಗಿದೆ.

ಅಮೆರಿಕದಲ್ಲಿ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಅವರ ಜೊತೆಯವರು ಸೆನೆಟ್ ಚುನಾವಣೆಗೆ ನಿಂತಿದ್ದ ಇಬ್ಬಿಬ್ಬರ ಫೋಟೋ ಜೋಡಿ ಮಾಡಿ ತೋರಿಸಿದರು. ನೋಡುವವರಿಗೆ ಆ ಮುಖಗಳ ಪರಿಚಯ ಇರಬಾರದು. "ಇಬ್ಬರಲ್ಲಿ ಯಾರು ಸಮರ್ಥರ ಹಾಗೆ ಕಾಣುತ್ತಾರೆ?" ಇಷ್ಟೇ ಪ್ರಶ್ನೆ. ಹೆಚ್ಚುಕಡಿಮೆ 10ರಲ್ಲಿ 7 ಕಡೆ, ಜನ ತೋರಿಸಿದ ಮುಖವೇ ನಿಜವಾದ ಚುನಾವಣೆಯಲ್ಲೂ ಗೆದ್ದಿತ್ತು. ಒಂದೇ ಸೆಕೆಂಡು ತೋರಿಸಿದರೂ ಉತ್ತರ ಹೆಚ್ಚೇನೂ ಬದಲಾಗಲಿಲ್ಲ. ಇದು 2005ರಲ್ಲಿ ಪ್ರಕಟವಾಯಿತು. 2009ರಲ್ಲಿ ಜಾನ್ ಆಂಟೊನಾಕಿಸ್ ಮತ್ತು ಓಲಾಫ್ ಡಲ್ಗಾಸ್ ಸ್ವಿಟ್ಜರ್ಲೆಂಡಿನ ಮಕ್ಕಳಿಗೆ ಫ್ರಾನ್ಸಿನ ಅಭ್ಯರ್ಥಿಗಳ ಫೋಟೋ ತೋರಿಸಿ, "ನಿಮ್ಮ ದೋಣಿಗೆ ಯಾರು ನಾಯಕ ಆಗಲಿ?" ಅಂತ ಕೇಳಿದರು. 5 ವರ್ಷದಿಂದ 13 ವರ್ಷದ ಮಕ್ಕಳು. ಅವರ ಆಯ್ಕೆಯೂ ಸುಮಾರು ಅಷ್ಟೇ ಪ್ರಮಾಣದಲ್ಲಿ ಗೆದ್ದವರ ಜೊತೆ ಹೊಂದಿತು.

ಹಾಗಾದರೆ "ನಾನು ಸಾಮರ್ಥ್ಯ ನೋಡಿ ವೋಟು ಹಾಕುತ್ತೇನೆ" ಅನ್ನುವವರೂ ಎಷ್ಟೋ ಸಲ ದವಡೆ, ಹುಬ್ಬು ನೋಡಿ ಹಾಕುತ್ತಿರಬಹುದು. ದೊಡ್ಡಪ್ಪ ತಿಥಿಗೆ ಬಂದರಾ ಅಂತ ನೋಡಿದರು, ಕಡೇಪಕ್ಷ ಅದು ನಿಜವಾಗಿ ನಡೆದ ಸಂಗತಿ.

ಮತ್ತೆ, ‘ನಮ್ಮಂಥವರು’ ಅನ್ನುವುದನ್ನೂ ಕಟ್ಟಿ ತೋರಿಸಬಹುದು. 2000ದ ಅಮೆರಿಕ ಚುನಾವಣೆಯಲ್ಲಿ "ಯಾರ ಜೊತೆ ಕೂತು ಬಿಯರ್ ಕುಡಿಯಲು ಇಷ್ಟ?" ಅನ್ನುವ ಮಾತು ಓಡಾಡಿತು. ಆ ಲೆಕ್ಕದಲ್ಲಿ ಜಾರ್ಜ್ ಬುಷ್ ಹತ್ತಿರದ ಮನುಷ್ಯ, ಅಲ್ ಗೋರ್ ಮೇಷ್ಟ್ರ ಥರ ಅನ್ನಿಸಿಕೊಂಡರು. ಬುಷ್ ಅಧ್ಯಕ್ಷರ ಮಗ, ಯೇಲ್ ಮತ್ತು ಹಾರ್ವರ್ಡ್‌ನಲ್ಲಿ ಓದಿದವರು. ಅವರು 1986ರಲ್ಲೇ ಕುಡಿಯುವುದನ್ನು ಬಿಟ್ಟಿದ್ದರು. ಅಂದರೆ ಯಾರ ಜೊತೆ ಬಿಯರ್ ಕುಡಿಯಬಹುದು ಅಂತ ಜನ ಅಂದುಕೊಂಡರೋ ಅವರು ಬಿಯರ್ ಮುಟ್ಟುತ್ತಲೇ ಇರಲಿಲ್ಲ.

ಮೂಡಿಗೆರೆ ಮಳೆ

ಓದುಗಿ ತಂಗಿ, ಚೆನ್ನಾಗಿ ಹೇಳಿದೆ. ಆದರೆ ನನಗೊಂದು ತಕರಾರು ಇದೆ. ‘ನಮ್ಮಂಥವರು’ ಅನ್ನುವುದನ್ನು ನೀವೆಲ್ಲ ಬರೀ ನಗುಮುಖ, ತಿಥಿ ಊಟ ಅಂತ ತಿಳಿದುಕೊಂಡಿದ್ದೀರಿ. ನಾನು ಸ್ತ್ರೀಶಕ್ತಿ ಸಂಘದಲ್ಲಿ ಇರುವವಳು. ಇಲ್ಲಿ ಮಳೆ ಹೊಡೆಯುವ ಊರಲ್ಲೂ ಏಪ್ರಿಲ್‌ನಲ್ಲಿ ತೋಟದ ಕೂಲಿಯವರ ಲೈನ್ ಮನೆಗಳಿಗೆ ನೀರಿಲ್ಲ. ಇಳಿಜಾರು ಹತ್ತಿ ಕೊಡ ಹೊರಬೇಕು. ಆ ಕೊಡ ಹೊತ್ತವಳಿಗೆ ನಲ್ಲಿ ಎಲ್ಲಿ ಹಾಕಬೇಕು ಅಂತ ಗೊತ್ತು. ನಮ್ಮಲ್ಲಿ ಒಂದು ಸಲ ನಲ್ಲಿ ಹಾಕಿದ್ದು ರಸ್ತೆ ಪಕ್ಕ, ಪೈಪು ಎಳೆಯುವವರಿಗೆ ಸುಲಭ ಅಂತ. ನಮಗೆ ಅಲ್ಲಿಂದಲೂ ಹತ್ತಲೇಬೇಕು.

ಕೊಡ ಹೊತ್ತು ಗೊತ್ತಿರುವುದೂ ಒಂದು ವಿದ್ಯೆ ಅಲ್ವಾ? ಅದನ್ನು ಯಾಕೆ ಸಾಮರ್ಥ್ಯದಲ್ಲಿ ಸೇರಿಸುವುದಿಲ್ಲ?

ಓದುಗಿ (ಹಾಸನ)

ಅಕ್ಕ, ನೀವು ಹೇಳಿದ್ದನ್ನೇ ಅಳತೆ ಮಾಡಿದವರಿದ್ದಾರೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯ್ತಿಗಳನ್ನು ನೋಡಿದರು. ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದ ಕಡೆ ಕುಡಿಯುವ ನೀರಿನ ಕೆಲಸ ಜಾಸ್ತಿ ಆಗಿತ್ತು. ಎರಡೂ ರಾಜ್ಯಗಳಲ್ಲಿ ಹೆಂಗಸರು ಜಾಸ್ತಿ ದೂರು ಹೇಳುತ್ತಿದ್ದದ್ದು ನೀರಿನ ಬಗ್ಗೆಯೇ. 2004ರಲ್ಲಿ ಪ್ರಕಟವಾದ ಅಧ್ಯಯನ. ನಿಮ್ಮ ತಕರಾರು ಸರಿ. ನಾನು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟು ಯೋಚಿಸುತ್ತಿದ್ದೆ.

ಅರಸೀಕೆರೆ ತೆಂಗು

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಮದುವೆಗೆ ಬಂದರೆ ಬರಿಗೈಲಿ ಬರಲು ಆಗುತ್ತದಾ? ಮುಯ್ಯಿ ಹಾಕಬೇಕು. ಗುಡಿ ಜೀರ್ಣೋದ್ಧಾರಕ್ಕೆ ಕೊಡಬೇಕು, ಹುಡುಗರ ಕ್ರಿಕೆಟ್ ಟೂರ್ನಿಗೆ ಕೊಡಬೇಕು. ಲಗ್ನದ ತಿಂಗಳಲ್ಲಿ ದಿನಕ್ಕೆ ಐದಾರು ಮದುವೆ. ವಿಧಾನಸಭೆ ಚುನಾವಣೆಯಲ್ಲಿ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ ನಮ್ಮ ರಾಜ್ಯದಲ್ಲಿ 40 ಲಕ್ಷ. ಆದರೆ ಐದು ವರ್ಷದ ಮುಯ್ಯಿ ಯಾವ ಲೆಕ್ಕದಲ್ಲಿ ಬರುತ್ತದೆ? ಜನರ ಜೊತೆ ಬೆರೆಯುವುದು ಅಂತ ನಾವು ಕರೆಯುವುದು ಕೊನೆಗೆ ದುಡ್ಡಿದ್ದವರಿಗೆ ಮಾತ್ರ ಆಗುವ ಕೆಲಸ. ಕೂಲಿ ಮಾಡುವ ಮನೆಯಿಂದ ಬಂದ, ನಿಜವಾಗಿ ನಮ್ಮಂಥವನೇ ಆದ ಹುಡುಗ ನಿಂತರೆ ಅವನಿಗೆ ಮುಯ್ಯಿ ಹಾಕಲು ಆಗುವುದಿಲ್ಲ. "ಜನರ ಜೊತೆ ಇಲ್ಲ" ಅನ್ನಿಸಿಕೊಂಡು ಸೋಲುತ್ತಾನೆ.

ಕೊಪ್ಪದವರು

ಅರಸೀಕೆರೆಯವರೇ, ನಮ್ಮ ಪಕ್ಕದ ತೀರ್ಥಹಳ್ಳಿ ಸೀಮೆಯಲ್ಲಿ ಒಮ್ಮೆ ಈ ಮುಯ್ಯಿ ಉಲ್ಟಾ ನಡೆದಿತ್ತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಚುನಾವಣೆಗೆ ನಿಂತಾಗ ‘ಒಂದು ವೋಟು, ಒಂದು ನೋಟು’ ಅಂತ ಜನರನ್ನೇ ಕೇಳಿದರು. ಜನ ವೋಟಿನ ಜೊತೆ ದುಡ್ಡನ್ನೂ ಕೊಟ್ಟರು. 1952ರಲ್ಲಿ, ಗೇಣಿದಾರರ ಕಾಗೋಡು ಸತ್ಯಾಗ್ರಹದ ಮರುವರ್ಷ, ಅವರು ಮೊದಲ ಸಲ ಶಾಸನಸಭೆಗೆ ಹೋದರು. ಸದನದಲ್ಲಿ ಅವರು ಮಾತಾಡಲು ಎದ್ದರೆ ಎಲ್ಲರೂ ಕಿವಿಗೊಡುತ್ತಿದ್ದರು ಅಂತ ನಮ್ಮ ತಂದೆ ಹೇಳುತ್ತಿದ್ದರು. ತನ್ನ ಜೇಬಿನಿಂದ ನೋಟು ಕೊಟ್ಟವನು ಆಮೇಲೆ "ಸದನದಲ್ಲಿ ಏನು ಮಾತಾಡಿದೆ?" ಅಂತಲೇ ಕೇಳುತ್ತಾನೆ, "ಮದುವೆಗೆ ಯಾಕೆ ಬರಲಿಲ್ಲ?" ಅಂತ ಕೇಳುವುದಿಲ್ಲ. ನನಗಂತೂ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ಹಳೇ ಗುಮಾಸ್ತ (ಚಿಕ್ಕಮಗಳೂರು ಜಿಲ್ಲೆ)

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ತಾಲ್ಲೂಕು ಕಚೇರಿಗಳಲ್ಲಿ ಕೆಲಸ ಮಾಡಿದವನು. ಮೇಜಿನ ಈಚೆಯಿಂದ ಕಂಡದ್ದನ್ನು ಹೇಳುತ್ತೇನೆ.

ಶಾಸಕರು ಏನು ಮಾಡುತ್ತಾರೆ ಅಂತ ಜನರಿಗೆ ಕಾಣುವುದು ಮೂರು: ಮದುವೆ, ಗುದ್ದಲಿ ಪೂಜೆ, ಫೋನು. ಕಾಣದ್ದು ಒಂದಿದೆ. ಬಗರ್‌ಹುಕುಂ ಸಕ್ರಮ ಸಮಿತಿಗೆ ಅಧ್ಯಕ್ಷರು ಶಾಸಕರೇ. ಸರ್ಕಾರಿ ಜಮೀನು ಉಳುಮೆ ಮಾಡಿಕೊಂಡು ಫಾರಂ 50, 53, 57 ಹಾಕಿ ಕಾದು ಕೂತವರು ನಮ್ಮ ಜಿಲ್ಲೆಯಲ್ಲಿ, ಹಾಸನದಲ್ಲಿ ಎಷ್ಟೋ ಜನ. ಸಮಿತಿ ಸಭೆ ಕೂರದಿದ್ದರೆ ಆ ಅರ್ಜಿ ಅಲುಗುವುದಿಲ್ಲ. ಕೂತರೂ ಸಾಲದು. ಆ ಸರ್ವೆ ನಂಬರು ಅರಣ್ಯಕ್ಕೆ ಸೇರಿದ್ದಾ, ಗೋಮಾಳ ಎಷ್ಟು ಉಳಿದಿದೆ, ಅರ್ಜಿದಾರ ನಿಜವಾಗಿ ಉಳುತ್ತಿದ್ದಾನಾ ಅಂತ ಫೈಲು ಓದಿ ಕೇಳಬೇಕು.

ನಾನು ಇಬ್ಬರ ಕೈಕೆಳಗೆ ಆ ಸಭೆಗಳಿಗೆ ಫೈಲು ಹೊತ್ತಿದ್ದೇನೆ. ಒಬ್ಬರು ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು, ಹೆಗಲ ಮೇಲೆ ಕೈ ಹಾಕುತ್ತಿದ್ದರು. ಅವರ ಸಭೆಗೆ ಗೊತ್ತು ಮಾಡಿದ ದಿನ ಯಾವಾಗಲೂ ಒಂದು ಮದುವೆ ಬರುತ್ತಿತ್ತು, ಸಭೆ ಮುಂದಕ್ಕೆ ಹೋಗುತ್ತಿತ್ತು. ಇನ್ನೊಬ್ಬರು ನಗುವುದೇ ಕಡಿಮೆ. ಊಟದ ಹೊತ್ತು ಮೀರಿದರೂ ಎದ್ದೇಳುತ್ತಿರಲಿಲ್ಲ, ನಕಾಶೆ ಬಿಡಿಸಿ ಇಡಿ ಅನ್ನುತ್ತಿದ್ದರು. ಅವರ ಕಾಲದಲ್ಲಿ ಹಕ್ಕುಪತ್ರ ಪಡೆದ ಒಬ್ಬ ಮುದುಕರು ನಮ್ಮ ಕಚೇರಿ ಮೆಟ್ಟಿಲ ಮೇಲೆ ಕೂತು ಕಾಗದವನ್ನು ಪಂಚೆಯ ಮಡಿಲಲ್ಲಿ ಇಟ್ಟುಕೊಂಡು ಅತ್ತಿದ್ದನ್ನು ನಾನು ಮರೆಯುವುದಿಲ್ಲ. ಎರಡನೆಯವರು ಮುಂದಿನ ಚುನಾವಣೆಯಲ್ಲಿ ಸೋತರು.

ಕಡೂರಿನ ತಮ್ಮನ ಮಾತನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಫೋನ್ ಎತ್ತುವ ಮುಖಂಡ ಬೇಕಾಗುವುದು ಯಾಕೆ? ಕಚೇರಿ ತಾನಾಗಿ ಕೆಲಸ ಮಾಡುವುದಿಲ್ಲ ಅಂತ. ಮೊದಲು ಒಂದು ಜಾತಿ ಪ್ರಮಾಣಪತ್ರಕ್ಕೂ ಮುಖಂಡರ ಫೋನು ಬರುತ್ತಿತ್ತು. 2011ರ ಸಕಾಲ ಕಾಯ್ದೆ ಬಂದು, ಯಾವ ಕೆಲಸ ಎಷ್ಟು ದಿನದಲ್ಲಿ ಆಗಬೇಕು ಅಂತ ಗೊತ್ತಾದ ಮೇಲೆ ನನ್ನ ಮೇಜಿಗೆ ಅಂಥ ಫೋನು ಕಡಿಮೆಯಾಯಿತು. ಎಲ್ಲಾ ಸರಿಹೋಯಿತು ಅಂತ ಹೇಳುತ್ತಿಲ್ಲ, ಅಡ್ಡದಾರಿಗಳು ಇವೆ. ಆದರೆ ಆ ಒಂದು ಕೆಲಸಕ್ಕಾದರೂ ಜನ ಯಾರ ಋಣಕ್ಕೂ ಬೀಳಬೇಕಾಗಲಿಲ್ಲ. ಟೀಸಿ ಒಂಬತ್ತು ದಿನ ಕಾಯಿಸದೆ ಬಂದಿದ್ದರೆ ಕಡೂರಿನವರ ವೋಟು ಕೂಡ ಸ್ವಲ್ಪ ಸ್ವತಂತ್ರವಾಗುತ್ತಿತ್ತು. ಆಗ ಅವರು ಯೋಜನೆ ಬರೆಯುವವರನ್ನೂ ಹುಡುಕಬಹುದಿತ್ತು.

ಕಡೂರು ಬಯಲು

ಗುಮಾಸ್ತರೇ, ಇದನ್ನು ನಾನು ಎರಡು ಸಲ ಓದಿದೆ. ನೀವು ಹೇಳಿದ್ದು ಸರಿ. ನನಗೆ ಬೇಕಾಗಿದ್ದು ಟೀಸಿ. ಮುಖಂಡರ ಸ್ನೇಹ ನನಗೆ ಬೇಕಾಗಿಯೇ ಇರಲಿಲ್ಲ.

ಹೇಮಾವತಿ ದಂಡೆ (ಸಕಲೇಶಪುರ ತಾಲ್ಲೂಕು)

ಎಲ್ಲರಿಗೂ ಧನ್ಯವಾದ. ನಡೆದದ್ದನ್ನು ಹೇಳಲು ಬಂದೆ.

ಭಾನುವಾರ ನಾನು ಆ ಹಳೆಯ ಸದಸ್ಯೆಯ ಮನೆಗೆ ಹೋಗಿದ್ದೆ. ದೊಡ್ಡಪ್ಪನ ಮಾತನ್ನು ಹಾಗೇ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ನೆ ಇದ್ದರು. 2018ರ ಮಾರ್ಚ್‌ನಲ್ಲಿ ನಮ್ಮ ದೊಡ್ಡಮ್ಮ ತೀರಿಕೊಂಡಿದ್ದರು. ಅವತ್ತೇ ಸಂಕದ ಅಳತೆ ತೆಗೆದು ಎಂ.ಬಿ. (ಅಳತೆ ಪುಸ್ತಕ) ಬರೆಯಲು ಎಂಜಿನಿಯರ್ ಬಂದಿದ್ದರಂತೆ. ಅದು ತಪ್ಪಿದರೆ ಆ ಮಾರ್ಚ್ ಒಳಗೆ ಬಿಲ್ಲು ಆಗುತ್ತಿರಲಿಲ್ಲ. "ಅವತ್ತು ಬರೋಕೆ ಆಗಲಿಲ್ಲ, ಸರಿ. ಆದರೆ ಆಮೇಲಾದರೂ ಹೋಗಿ ಮಾತಾಡಿಸಬೇಕಿತ್ತು. ಹೋಗಲಿಲ್ಲ. ಅದು ನನ್ನ ತಪ್ಪು" ಅಂದರು. ನಾನು ಕರೆಯಲೂ ಇಲ್ಲ, ಅವರೇ ನೋಟ್‌ಬುಕ್ ಕೈಚೀಲಕ್ಕೆ ಹಾಕಿಕೊಂಡು ನನ್ನ ಜೊತೆ ಹೊರಟರು.

ದೊಡ್ಡಪ್ಪ ಮೊದಲು ಮುಖ ಕೊಟ್ಟು ಮಾತಾಡಲಿಲ್ಲ. ಅತ್ತಿಗೆ ಕಾಫಿ ತಂದರು. ಆಕೆ ದೊಡ್ಡಮ್ಮನ ಫೋಟೋಗೆ ಕೈ ಮುಗಿದು ಬಂದು ಕೂತರು. ತುಂಬಾ ಹೊತ್ತಿನ ಮೇಲೆ ದೊಡ್ಡಪ್ಪ, "ಅದೇನು ಪುಸ್ತಕ?" ಅಂದರು. ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುಗಿಸಿದರು. ದೊಡ್ಡಮ್ಮ ಹೋದ ತಾರೀಕಿನ ಪುಟದಲ್ಲಿ ಬೆರಳು ನಿಂತಿತು. ಸಂಕದ ಉದ್ದ, ಅಗಲ, ಕಂಬಿ ಎಷ್ಟು ಅಂತ ಪೆನ್ಸಿಲಿನಲ್ಲಿ ಬರೆದಿತ್ತು. ಅದನ್ನು ಓದಿ ಮುಗಿಸಿದರು, ಏನೂ ಹೇಳಲಿಲ್ಲ.

ಆಮೇಲೆ ಕೇಳಿದರು: "ಆ ಸಂಕದ ಕಂಬಿ ತುಕ್ಕು ಹಿಡೀತಾ ಇದೆಯಮ್ಮ. ಮಳೆಗಾಲಕ್ಕೆ ಮೊದಲು ಬಣ್ಣ ಹೊಡೆಸಬೇಕು. ಅದಕ್ಕೆ ದುಡ್ಡು ಯಾವುದರಲ್ಲಿ ಬರುತ್ತೆ?"

ಪಂಚಾಯ್ತಿಯ ಸ್ವಂತ ದುಡ್ಡಿನಲ್ಲಿ ಮಾಡಿಸಲು ಗ್ರಾಮಸಭೆಯಲ್ಲಿ ಕೇಳಬೇಕು, ಕೇಳಿದ್ದನ್ನು ಪುಸ್ತಕದಲ್ಲಿ ಬರೆಸಲೇಬೇಕು ಅಂತ ಆಕೆ ಹೇಳಿದರು. ನಮ್ಮ ಈಗಿನ ಮುಖಂಡರಿಗೆ ನಾನೇ ಫೋನ್ ಮಾಡಿ, ನೀವೂ ಬರಬೇಕು ಅಂದೆ. ಬರುತ್ತೇನೆ ಅಂದಿದ್ದಾರೆ. ಗ್ರಾಮಸಭೆ ನಾಡಿದ್ದು ಬೆಳಗ್ಗೆ 11ಕ್ಕೆ. ದೊಡ್ಡಪ್ಪ ಅರ್ಜಿ ಬರೆದುಕೊಡು ಅಂತ ನಿನ್ನೆ ರಾತ್ರಿಯಿಂದ ನನ್ನ ಹಿಂದೆ ಬಿದ್ದಿದ್ದಾರೆ. ಕಂಬಿಯ ಅಳತೆ ಸರಿಯಾಗಿ ಬೇಕಂತೆ, ಅದಕ್ಕೆ ಟೇಪು ಹಿಡಿದುಕೊಂಡು ಈಗ ಹಳ್ಳದ ಕಡೆ ಹೊರಟಿದ್ದೇವೆ.